ಶಾಂಘೈಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ: ಬೀಜಿಂಗ್‌ನ ಸುದ್ದಿ ನಮ್ಮ ಗೇಟಿಗೆ ಬರುವ ಬಗೆ

ತೊಗರಿಬೇಳೆ ಎಲ್ಲಿ ಸಿಗುತ್ತದೆ, ದೋಸೆ ಹಿಟ್ಟು ರುಬ್ಬಲು ಯಾವ ಅಕ್ಕಿ ಒಳ್ಳೆಯದು ಎಂಬ ಪ್ರಶ್ನೆಗಳಿಗೆ ನಮ್ಮ ಕನ್ನಡ ಸಂಘದ ವೀಚಾಟ್ (ವಾಟ್ಸ್‌ಆ್ಯಪ್‌ನಂಥ ಚೀನೀ ಆ್ಯಪ್) ಗುಂಪಿನಲ್ಲಿ ಐದು ನಿಮಿಷದೊಳಗೆ ಉತ್ತರ ಸಿಗುವುದರಿಂದ ಅವುಗಳನ್ನು ಇಲ್ಲಿ ಬರೆದಿಲ್ಲ. ಗುಂಪಿನಲ್ಲಿ ಯಾರೂ ಬಿಡಿಸಿ ಹೇಳದ ವಿಷಯ ಬೇರೆಯಿದೆ. "ನಾವು ದುಡಿಯಲು ಬಂದವರು, ಇಲ್ಲಿನ ರಾಜಕೀಯ ನಮಗೇಕೆ" ಎಂದು ಹೊಸಬರು ಹೇಳುವುದುಂಟು. ಅದರಲ್ಲಿ ತಲೆಹಾಕಬಾರದು ಎಂಬ ಅರ್ಥದಲ್ಲಿ ಈ ಮಾತು ಸರಿ. ತಿಳಿಯುವುದೂ ಬೇಡ ಎಂಬ ಅರ್ಥದಲ್ಲಿ ತಪ್ಪು. ಬೀಜಿಂಗ್‌ನಲ್ಲಿ ಆದ ತೀರ್ಮಾನವೊಂದು ಕೆಲವೇ ವಾರಗಳಲ್ಲಿ ನಮ್ಮ ವಸತಿ ಸಮುಚ್ಚಯದ ಗೇಟಿನ ಮೇಲೆ ಅಂಟಿಸಿದ ಸೂಚನೆಯಾಗಿಯೋ, ಕಚೇರಿಯ ಮಾನವ ಸಂಪನ್ಮೂಲ ವಿಭಾಗದ ಸಂದೇಶವಾಗಿಯೋ ಬಂದು ನಿಲ್ಲುವುದನ್ನು ಇಲ್ಲಿ ಹಲವು ವರ್ಷ ಇದ್ದವರೆಲ್ಲ ಕಂಡಿದ್ದಾರೆ.

ಮೊದಲು ತಡಮಾಡಬಾರದ ಎರಡು ಕೆಲಸಗಳು. ಹೋಟೆಲ್ ಬಿಟ್ಟು ಬಾಡಿಗೆ ಮನೆಗೆ ಬಂದ 24 ಗಂಟೆಗಳೊಳಗೆ ಕುಟುಂಬದ ಪ್ರತಿಯೊಬ್ಬರೂ ಸ್ಥಳೀಯ ಪೊಲೀಸರಲ್ಲಿ ವಾಸಸ್ಥಳವನ್ನು ನೋಂದಾಯಿಸಬೇಕು; ತಪ್ಪಿದರೆ 2,000 ಯುವಾನ್‌ವರೆಗೆ ದಂಡ ಹಾಕಬಹುದು. ಕೆಲಸದ ವೀಸಾದಲ್ಲಿ ಬಂದವರು ದೇಶ ಪ್ರವೇಶಿಸಿದ 30 ದಿನಗಳೊಳಗೆ ನಿವಾಸ ಪರವಾನಗಿಗೆ ಅರ್ಜಿ ಹಾಕಬೇಕು, ಮತ್ತು ಆ ಸಂದರ್ಭದಲ್ಲಿ ಪಾಸ್‌ಪೋರ್ಟ್ ಹದಿನೈದು ಕೆಲಸದ ದಿನಗಳವರೆಗೆ ಅಧಿಕಾರಿಗಳ ಬಳಿಯೇ ಉಳಿಯಬಹುದಾದ್ದರಿಂದ ಊರಿಗೆ ಹೋಗುವ ಟಿಕೆಟ್ ಆಗ ಕಾಯ್ದಿರಿಸಬಾರದು. ನಿಮ್ಮ ಬಡಾವಣೆಯ ನಿವಾಸಿಗಳ ಸಮಿತಿಯವರ ಪರಿಚಯವನ್ನೂ ಮಾಡಿಕೊಳ್ಳಿ. 2022ರ ಮಾರ್ಚ್ ಕೊನೆಯಿಂದ ಜೂನ್ 1ರವರೆಗೆ ಕೊರೊನಾ ಕಾರಣಕ್ಕೆ ಶಾಂಘೈ ಪೂರ್ತಿ ಮುಚ್ಚಿದ್ದಾಗ ತರಕಾರಿ ಹಂಚಿದವರೂ, ಗೇಟಿಗೆ ಬೀಗ ಹಾಕಿದವರೂ ಇದೇ ಸಮಿತಿಗಳವರು. ಅಂದು ಇಲ್ಲಿದ್ದ ಹಿರಿಯ ಸದಸ್ಯರು ಇಂದಿಗೂ ಮನೆಯಲ್ಲಿ ಒಂದು ಚೀಲ ಅಕ್ಕಿ ಹೆಚ್ಚಾಗಿಯೇ ಇಡುತ್ತಾರೆ.

ಇನ್ನು ಅಧಿಕಾರದ ವಿಷಯ. ನಗರಕ್ಕೆ ಮೇಯರ್ ಇದ್ದಾರೆ, ಆದರೆ ಕಮ್ಯುನಿಸ್ಟ್ ಪಕ್ಷದ ನಗರ ಕಾರ್ಯದರ್ಶಿ ಅವರಿಗಿಂತ ಮೇಲಿನವರು. ಪ್ರತಿ ಪ್ರಾಂತ್ಯದಲ್ಲೂ, ಪ್ರತಿ ವಿಶ್ವವಿದ್ಯಾಲಯದಲ್ಲೂ ಇದೇ ಕ್ರಮ. ಶಾಂಘೈ ಮುಚ್ಚಿದ್ದಾಗ ಇಲ್ಲಿನ ಪಕ್ಷ ಕಾರ್ಯದರ್ಶಿಯಾಗಿದ್ದ ಲಿ ಚಿಯಾಂಗ್ ಮರುವರ್ಷದ ಮಾರ್ಚ್‌ನಲ್ಲಿ ದೇಶದ ಪ್ರಧಾನಿಯಾದರು ಎಂಬುದನ್ನು ನೆನೆದರೆ, ಇಲ್ಲಿ ಬಡ್ತಿಯ ಅಳತೆಗೋಲು ಜನಪ್ರಿಯತೆಯಲ್ಲ ಎಂಬುದು ತಿಳಿಯುತ್ತದೆ. ಅಧ್ಯಕ್ಷ ಹುದ್ದೆಗಿದ್ದ ಎರಡು ಅವಧಿಗಳ ಮಿತಿಯನ್ನು 2018ರಲ್ಲಿ ತೆಗೆದುಹಾಕಿದ ಮೇಲೆ ಷಿ ಜಿನ್‌ಪಿಂಗ್ ಮೂರನೆಯ ಅವಧಿಯಲ್ಲಿದ್ದಾರೆ. ವರ್ಷಕ್ಕೊಮ್ಮೆ, ಮಾರ್ಚ್ ತಿಂಗಳಲ್ಲಿ, "ಎರಡು ಅಧಿವೇಶನಗಳು" (ದೇಶದ ಸಂಸತ್ತು ಮತ್ತು ರಾಜಕೀಯ ಸಲಹಾ ಮಂಡಳಿಯ ವಾರ್ಷಿಕ ಸಭೆಗಳು) ನಡೆಯುವಾಗ ಪ್ರಧಾನಿ ಓದುವ ಸರ್ಕಾರದ ಕಾರ್ಯವರದಿಯ ಸಾರಾಂಶವನ್ನಾದರೂ ಓದಿಕೊಳ್ಳಿ. 2023ರಿಂದ 2025ರವರೆಗೆ ಮೂರು ವರ್ಷವೂ ಬೆಳವಣಿಗೆಯ ಗುರಿ "ಸುಮಾರು ಶೇ. 5" ಎಂದೇ ಇತ್ತು; ಆ ಅಂಕಿಗಿಂತ, ಯಾವ ಉದ್ಯಮದ ಹೆಸರು ವರದಿಯಲ್ಲಿ ಹೊಸದಾಗಿ ಸೇರಿತು, ಯಾವುದು ಬಿಟ್ಟುಹೋಯಿತು ಎಂಬುದು ಉದ್ಯೋಗದಲ್ಲಿರುವವರಿಗೆ ಹೆಚ್ಚು ಉಪಯುಕ್ತ.

ಗಾಳಿ ಹೇಗೆ ತಿರುಗುತ್ತದೆ ಎಂಬುದಕ್ಕೆ ಜ್ಯಾಕ್ ಮಾ ಕಟ್ಟಿದ ಆನ್‌ಲೈನ್ ವ್ಯಾಪಾರದ ಕಂಪನಿ ಅಲಿಬಾಬಾದ ಕಥೆಯೇ ಸಾಕು. 2020ರ ನವೆಂಬರ್‌ನಲ್ಲಿ ಅದರ ಹಣಕಾಸು ಸಹಸಂಸ್ಥೆ ಆಂಟ್‌ನ ಷೇರು ಬಿಡುಗಡೆಯನ್ನು ಇನ್ನೆರಡು ದಿನ ಇರುವಾಗ ತಡೆಹಿಡಿಯಲಾಯಿತು. 2021ರ ಏಪ್ರಿಲ್‌ನಲ್ಲಿ ಅಲಿಬಾಬಾಗೆ 1,820 ಕೋಟಿ ಯುವಾನ್ ದಂಡ ಬಿತ್ತು. 2025ರ ಫೆಬ್ರವರಿಯಲ್ಲಿ ಖಾಸಗಿ ಉದ್ಯಮಿಗಳ ಸಭೆ ಕರೆದ ಷಿ ಜಿನ್‌ಪಿಂಗ್ ಅದೇ ಜ್ಯಾಕ್ ಮಾ ಅವರ ಕೈಕುಲುಕಿದರು. ಈಗ ಕಿವಿಗೆ ಬೀಳುವ ಮಾತು "ನೆಯ್‌ಚುವಾನ್", ಅಂದರೆ ಒಬ್ಬರನ್ನೊಬ್ಬರು ತುಳಿಯುತ್ತ ಯಾರೂ ಮೇಲೇಳದ ಪೈಪೋಟಿ. ವಿದ್ಯುತ್ ಕಾರು ತಯಾರಕರ ದರ ಸಮರ, 2025ರಲ್ಲಿ ಊಟ ತಲುಪಿಸುವ ಕಂಪನಿಗಳು ನಡೆಸಿದ ರಿಯಾಯಿತಿ ಸಮರ, ಎರಡನ್ನೂ ಸರ್ಕಾರ ಈ ಹೆಸರಿನಿಂದಲೇ ಟೀಕಿಸಿತು. ಕಾರು ಬಿಡಿಭಾಗಗಳ ಕ್ಷೇತ್ರದಲ್ಲಿರುವ ನಮ್ಮವರು ಒಪ್ಪಂದದ ನವೀಕರಣಕ್ಕೆ ಮುನ್ನ ಕಂಪನಿಯ ಲಾಭದ ಲೆಕ್ಕವನ್ನು ಒಮ್ಮೆ ನೋಡಿಕೊಳ್ಳುವುದು ಜಾಣತನ.

ಮನೆ ಬಾಡಿಗೆಯ ಮಾತಿಗೂ ದೇಶದ ಸುದ್ದಿಗೂ ನೇರ ನಂಟಿದೆ. 2020ರಲ್ಲಿ ಕಟ್ಟಡ ಕಂಪನಿಗಳ ಸಾಲಕ್ಕೆ ಸರ್ಕಾರ ಮಿತಿ ಹಾಕಿದ ನಂತರ ಎವರ್‌ಗ್ರಾಂಡ್ ಎಂಬ ದೊಡ್ಡ ಕಟ್ಟಡ ಕಂಪನಿ ಕುಸಿಯಿತು. 2024ರ ಜನವರಿಯಲ್ಲಿ ಹಾಂಗ್‌ಕಾಂಗ್ ನ್ಯಾಯಾಲಯ ಅದನ್ನು ಮುಚ್ಚಿ ಆಸ್ತಿ ವಿಲೇವಾರಿ ಮಾಡಲು ಆದೇಶಿಸಿತು. ಮನೆಯ ಬೆಲೆ ಇಳಿದ ಕಾಲದಲ್ಲಿ ಮಾಲೀಕರು ಬಾಡಿಗೆದಾರರನ್ನು ಕಳೆದುಕೊಳ್ಳಲು ಹಿಂಜರಿಯುತ್ತಾರೆ, ಹಾಗಾಗಿ ಮೊದಲು ಹೇಳಿದ ಬಾಡಿಗೆಗೆ ತಲೆದೂಗಬೇಡಿ. ಒಂದು ತಿಂಗಳ ಮುಂಗಡ, ಮೂರು ತಿಂಗಳ ಬಾಡಿಗೆ ಒಟ್ಟಿಗೆ ಕೊಡುವುದು ಇಲ್ಲಿನ ವಾಡಿಕೆ. ಬೆಂಗಳೂರಿನ ಹತ್ತು ತಿಂಗಳ ಮುಂಗಡ ಕಂಡವರಿಗೆ ಇದು ಹಗುರವೇ. ಬಾಡಿಗೆಗೆ "ಫಾಪಿಯಾವ್" ಎಂಬ ಅಧಿಕೃತ ರಸೀದಿ ಕೇಳಿ ಪಡೆಯಿರಿ, ಏಕೆಂದರೆ ವಿದೇಶಿ ನೌಕರರ ಮನೆ ಬಾಡಿಗೆ ಹಾಗೂ ಮಕ್ಕಳ ಶುಲ್ಕದ ಭತ್ಯೆಗಳಿಗೆ ಇರುವ ತೆರಿಗೆ ವಿನಾಯಿತಿ 2027ರ ಕೊನೆಯವರೆಗೆ ವಿಸ್ತರಣೆಯಾಗಿದೆ, ಮತ್ತು ಅದಕ್ಕೆ ಈ ರಸೀದಿ ಬೇಕು.

ಮಕ್ಕಳಿರುವವರು ಇನ್ನೊಂದು ಸಂಗತಿ ಗಮನಿಸಬೇಕು. 2022ರಿಂದ ಚೀನಾದ ಜನಸಂಖ್ಯೆ ಇಳಿಯುತ್ತಿದೆ. 2023ರ ಒಂದೇ ವರ್ಷದಲ್ಲಿ ದೇಶದಲ್ಲಿ 14,000ಕ್ಕೂ ಹೆಚ್ಚು ಶಿಶುವಿಹಾರಗಳು ಕಡಿಮೆಯಾದವು. ಖಾಸಗಿ ಶಿಶುವಿಹಾರಕ್ಕೆ ವರ್ಷದ ಶುಲ್ಕ ಮುಂಗಡವಾಗಿ ಕಟ್ಟುವ ಮೊದಲು ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ಕಣ್ಣಾರೆ ನೋಡಿ ಬನ್ನಿ. ಜೂನ್ 7ರಿಂದ ಗಾವ್‌ಕಾವ್ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ ನಡೆಯುವ ದಿನಗಳಲ್ಲಿ ಪರೀಕ್ಷಾ ಕೇಂದ್ರಗಳ ಸುತ್ತ ಕಟ್ಟಡ ಕೆಲಸವನ್ನೂ ನಿಲ್ಲಿಸುತ್ತಾರೆ, ಆದ್ದರಿಂದ ಸಂಘವೂ ಆಗ ಡೊಳ್ಳಿನ ಅಭ್ಯಾಸ ಇಟ್ಟುಕೊಳ್ಳುವುದಿಲ್ಲ.

ಭಾರತ ಮತ್ತು ಚೀನಾದ ನಡುವಿನ ಸಂಬಂಧ ನಮ್ಮ ಬದುಕಿಗೆ ಎಷ್ಟು ಹತ್ತಿರವೆಂದರೆ, 2020ರಲ್ಲಿ ನಿಂತ ನೇರ ವಿಮಾನಗಳು ಮತ್ತೆ ಹಾರಲು ಐದು ವರ್ಷ ಬೇಕಾಯಿತು. ಕೊರೊನಾದಿಂದ ನಿಂತದ್ದು ಗಾಲ್ವಾನ್ ಘರ್ಷಣೆಯ ನಂತರ ನಿಂತೇ ಉಳಿಯಿತು. 2024ರ ಅಕ್ಟೋಬರ್‌ನಲ್ಲಿ ಗಡಿ ಗಸ್ತಿನ ಒಪ್ಪಂದವಾಗಿ, ಒಂದು ವರ್ಷದ ಬಳಿಕ ಕೋಲ್ಕತ್ತ ಮತ್ತು ಗುವಾಂಗ್‌ಝೌ ನಡುವೆ, ನಂತರ ಶಾಂಘೈ ಮತ್ತು ದೆಹಲಿ ನಡುವೆ ಹಾರಾಟ ಆರಂಭವಾಯಿತು. ಬೆಂಗಳೂರಿನವರಿಗೂ ಈ ಮುನಿಸಿನ ಬಿಸಿ ತಟ್ಟಿದೆ: ಮೆಟ್ರೊ ಹಳದಿ ಮಾರ್ಗದ ರೈಲುಗಳ ಗುತ್ತಿಗೆ ಚೀನಾದ ಕಂಪನಿಗೆ ಸಿಕ್ಕಿದ್ದರಿಂದ ಬೋಗಿಗಳೂ ಎಂಜಿನಿಯರುಗಳ ವೀಸಾವೂ ತಡವಾಗಿ, ಆ ಮಾರ್ಗ ತೆರೆದದ್ದು 2025ರ ಆಗಸ್ಟ್‌ನಲ್ಲಿ. ಸಹೋದ್ಯೋಗಿಗಳು ಗಡಿಯ ಮಾತು ಎತ್ತಿದರೆ ಊಟದ ಕಡೆಗೆ ಮಾತು ಹೊರಳಿಸಿ. ಭೂಪಟಗಳ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಭಾರತದ ಕಾನೂನಿನಂತೆ ಸರಿಯಾದ ಭೂಪಟ ಚೀನಾದ ಸುಂಕದವರ ಕಣ್ಣಿಗೆ ತಪ್ಪು, ಇಲ್ಲಿ ಸರಿಯಾದದ್ದು ಅಲ್ಲಿ ತಪ್ಪು. ಮಕ್ಕಳ ಗೋಡೆಪಟವನ್ನು ಊರಿನಲ್ಲಿಯೇ ಬಿಟ್ಟು ಬರುವುದು ಕ್ಷೇಮ.

ವಾಟ್ಸ್‌ಆ್ಯಪ್, ಗೂಗಲ್, ಯೂಟ್ಯೂಬ್ ಇಲ್ಲಿ ತಡೆಯಲ್ಪಟ್ಟಿವೆ. ಊರಿನ ಹಿರಿಯರೊಡನೆ ಮಾತನಾಡುವ ದಾರಿಯನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ವೀಚಾಟ್‌ನಲ್ಲಿ ಬರೆದದ್ದನ್ನು ಖಾಸಗಿ ಎಂದು ಭಾವಿಸಬೇಡಿ. 2023ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯಾದ ಬೇಹುಗಾರಿಕೆ ತಡೆ ಕಾನೂನು ರಾಷ್ಟ್ರೀಯ ಭದ್ರತೆಗೆ ಸಂಬಂಧಿಸಿದ ಯಾವುದೇ ದಾಖಲೆ, ದತ್ತಾಂಶವನ್ನು ಒಳಗೊಳ್ಳುವಷ್ಟು ವಿಶಾಲವಾಗಿರುವುದರಿಂದ, ಬಂದರು, ಸೇನಾ ನೆಲೆಗಳ ಚಿತ್ರ ತೆಗೆಯುವುದನ್ನೂ ಕಚೇರಿಯ ಕಡತವನ್ನು ಸ್ವಂತ ಮಿಂಚಂಚೆಗೆ ಕಳಿಸುವುದನ್ನೂ ಪೂರ್ತಿ ಬಿಟ್ಟುಬಿಡಿ.

ಹಬ್ಬಗಳ ಬಗ್ಗೆಯೂ ಕೇಳುತ್ತೀರಿ. ಸರ್ಕಾರ ಮಾನ್ಯ ಮಾಡಿರುವ ಐದು ಧರ್ಮಗಳಲ್ಲಿ ಹಿಂದೂ ಧರ್ಮವಿಲ್ಲ, ವಿದೇಶಿಯರ ಸಾಮೂಹಿಕ ಪೂಜೆಗೆ ನಿಯಮಗಳಿವೆ. ಆದ್ದರಿಂದ ಗೌರಿ ಗಣೇಶ ಮನೆಮಟ್ಟಿಗೆ ಇರಲಿ, ವಿಸರ್ಜನೆ ಬಕೆಟ್ಟಿನಲ್ಲಿ ಆಗಲಿ, ಹುವಾಂಗ್‌ಪು ನದಿಯಲ್ಲಿ ಬೇಡ. ರಾಜ್ಯೋತ್ಸವವನ್ನು ಸಂಘವು ಸಾಂಸ್ಕೃತಿಕ ಕಾರ್ಯಕ್ರಮವಾಗಿ ಸಭಾಂಗಣದಲ್ಲಿ ನಡೆಸುತ್ತದೆ. ಆ ಹೊತ್ತಿಗೆ ಊರಿನಿಂದ ಅಪ್ಪ ಅಮ್ಮ ಬಂದು ನಿಮ್ಮ ಮನೆಯಲ್ಲಿ ಇಳಿದುಕೊಂಡರೆ, 24 ಗಂಟೆಗಳ ನೋಂದಣಿ ಅವರಿಗೂ ಅನ್ವಯಿಸುತ್ತದೆ. ಪಾಸ್‌ಪೋರ್ಟಿನ ಜೊತೆಗೆ ನಿಮ್ಮ ಬಾಡಿಗೆ ಕರಾರಿನ ಪ್ರತಿಯನ್ನೂ ಠಾಣೆಗೆ ಒಯ್ಯಿರಿ.