ಸೂಕ್ಷ್ಮದರ್ಶಕಕ್ಕೆ ಏನು ಕೊಳ್ಳಬೇಕು, ಏನು ಬೇಡ

ಆಬ್ಜೆಕ್ಟಿವ್, ಅಂದರೆ ವಸ್ತುವಿನ ಕಡೆಯ ಮಸೂರದ ಮೇಲೆ 40/0.65 ಎಂದು ಕೆತ್ತಿದ್ದರೆ (40 ಅದರ ವರ್ಧನೆ) ನಾನು ಮೊದಲು ನೋಡುವುದು ಎರಡನೆಯ ಅಂಕಿಯನ್ನು. ಅದೇ ಎನ್‌.ಎ., ಅಂದರೆ ಮಸೂರ ಎಷ್ಟು ಅಗಲದ ಬೆಳಕಿನ ಶಂಕುವನ್ನು ಹಿಡಿಯಬಲ್ಲದು ಎಂಬುದರ ಅಳತೆ. ಹಸಿರು ಬೆಳಕಿನ ತರಂಗಾಂತರ 0.55 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ಯ ಸಾವಿರದಲ್ಲೊಂದು ಭಾಗ), ಅದನ್ನು 0.61ರಿಂದ ಗುಣಿಸಿ 0.65ರಿಂದ ಭಾಗಿಸಿದರೆ ಸುಮಾರು 0.5 ಮೈಕ್ರಾನ್ ಬರುತ್ತದೆ. ಅದಕ್ಕಿಂತ ಹತ್ತಿರವಿರುವ ಎರಡು ಚುಕ್ಕಿಗಳು ಬೇರೆಬೇರೆಯಾಗಿ ಕಾಣುವುದಿಲ್ಲ. ಒಟ್ಟು ವರ್ಧನೆ ಎನ್‌.ಎ.ಯ ಸಾವಿರ ಪಟ್ಟು ದಾಟಿದರೆ ಚಿತ್ರ ಹಿಗ್ಗುತ್ತದೆಯೇ ಹೊರತು ಹೊಸ ವಿವರ ಸಿಗುವುದಿಲ್ಲ. ಈ ಮಸೂರಕ್ಕೆ ಆ ಮಿತಿ 650; 25 ಪಟ್ಟಿನ ಐಪೀಸ್ (ಕಣ್ಣಿಡುವ ಮಸೂರ) ಹಾಕಿದರೆ ವರ್ಧನೆ 1000 ಆಗುತ್ತದೆ. ಆದ್ದರಿಂದ ಅದು ನನ್ನ ಪಟ್ಟಿಯಲ್ಲಿಲ್ಲ.

ಏನನ್ನಾದರೂ ಕೊಳ್ಳುವ ಮೊದಲು ಕಂಡೆನ್ಸರ್, ಅಂದರೆ ಸ್ಲೈಡಿನ ಕೆಳಗೆ ಬೆಳಕನ್ನು ಕೂಡಿಸುವ ಮಸೂರ, ಸರಿಪಡಿಸಿಕೊಳ್ಳಿ. 10 ಪಟ್ಟಿನ ಆಬ್ಜೆಕ್ಟಿವ್‌ನಲ್ಲಿ ಸ್ಲೈಡನ್ನು ಫೋಕಸ್ ಮಾಡಿ, ದೀಪದ ಬಾಯಲ್ಲಿರುವ ಡಯಾಫ್ರಾಮ್ (ಕಿರಿದು-ಅಗಲ ಮಾಡಬಹುದಾದ ಬೆಳಕಿನ ಕಿಂಡಿ) ಮುಚ್ಚುತ್ತೇನೆ. ಅದರ ಅಂಚು ಚೂಪಾಗಿ ಕಾಣುವವರೆಗೆ ಕಂಡೆನ್ಸರನ್ನು ಏರಿಸಿಳಿಸಿ, ತಿರುಪುಗಳಿಂದ ನಡುವಿಗೆ ತಂದು, ಅಂಚು ನೋಟದಿಂದ ಆಚೆ ಸರಿಯುವಷ್ಟೇ ತೆರೆಯುತ್ತೇನೆ. ದೀಪಕ್ಕೆ ಡಯಾಫ್ರಾಮ್ ಇಲ್ಲದಿದ್ದರೆ ಅದರ ಬಾಯಿಯ ಮೇಲೆ ಪೆನ್ಸಿಲ್ ತುದಿ ಹಿಡಿದು, ಆ ತುದಿ ಸ್ಪಷ್ಟವಾಗುವಂತೆ ಎತ್ತರ ಹೊಂದಿಸಬಹುದು. ಬಳಿಕ ಐಪೀಸ್ ತೆಗೆದು ಕೊಳವೆಯೊಳಗೆ ಇಣುಕಿ, ಕಾಣುವ ಬೆಳಕಿನ ಬಿಲ್ಲೆಯ ಮುಕ್ಕಾಲು ಭಾಗ ಉಳಿಯುವಂತೆ ಕಂಡೆನ್ಸರ್ ಡಯಾಫ್ರಾಮ್ ಮುಚ್ಚಬೇಕು. ಇನ್ನೂ ಮುಚ್ಚಿದರೆ ಕಣಗಳ ಸುತ್ತ ಕಪ್ಪು ಉಂಗುರಗಳು ಏಳುತ್ತವೆ; ನೋಡಲು ಸ್ಪಷ್ಟ ಅನಿಸಿದರೂ ಅವು ವಸ್ತುವಿನಲ್ಲಿ ಇಲ್ಲದ ರೇಖೆಗಳು. ಆಬ್ಜೆಕ್ಟಿವ್ ಬದಲಿಸಿದಾಗಲೆಲ್ಲ ಈ ಕೊನೆಯ ಹಂತ ಮತ್ತೆ ಆಗಬೇಕು. ಬೆಳಕು ಹೆಚ್ಚಾಯಿತೆಂದು ಕಂಡೆನ್ಸರ್ ಇಳಿಸುವ ಅಭ್ಯಾಸ ಬಹಳ ಕಡೆ ಇದೆ, ದಯವಿಟ್ಟು ಬಿಡಿ: ದೀಪವನ್ನೇ ಮಂದ ಮಾಡಿ.

ದುಡ್ಡು ಹಾಕುವುದಾದರೆ ಮೊದಲು ವಸ್ತುವಿನ ಗಾತ್ರ ಅಳೆಯಲು ಸ್ಟೇಜ್ ಮೈಕ್ರೋಮೀಟರ್ (ಅಳತೆಗೆರೆಗಳಿರುವ ಸ್ಲೈಡ್) ಮತ್ತು ಐಪೀಸಿನೊಳಗೆ ಕೂರುವ ಐಪೀಸ್ ಸ್ಕೇಲ್. ಸ್ಟೇಜ್ ಮೈಕ್ರೋಮೀಟರಿನಲ್ಲಿ 1 ಮಿ.ಮೀ. ನೂರು ಭಾಗವಾಗಿರುತ್ತದೆ, ಒಂದು ಗೆರೆಗೆ 10 ಮೈಕ್ರಾನ್. ಐಪೀಸಿನ 100 ಗೆರೆ ಅದರ 25 ಗೆರೆಗೆ ಸಮವಾದರೆ ಐಪೀಸಿನ ಒಂದು ಗೆರೆ 2.5 ಮೈಕ್ರಾನ್. ಪ್ರತಿ ಆಬ್ಜೆಕ್ಟಿವ್‌ಗೂ ಬೇರೆಯಾಗಿ ಅಳೆದು ಬರೆದಿಡಬೇಕು.

0.17 ಮಿ.ಮೀ. ದಪ್ಪದ ಕವರ್ ಸ್ಲಿಪ್ (ವಸ್ತುವಿನ ಮೇಲೆ ಮುಚ್ಚುವ ತೆಳು ಗಾಜು) ಮತ್ತು ಹಸಿರು ಫಿಲ್ಟರ್ ಅಗ್ಗದವು, ಫಲ ದೊಡ್ಡದು. ಅಕ್ರೋಮ್ಯಾಟ್ (ಸಾಮಾನ್ಯ ದರ್ಜೆಯ) ಮಸೂರಗಳ ದೋಷ ಹಸಿರಿನಲ್ಲೇ ಅತಿ ಕಡಿಮೆ. ಡಾರ್ಕ್‌ಫೀಲ್ಡ್‌ಗೆ (ಕಪ್ಪು ಹಿನ್ನೆಲೆಯಲ್ಲಿ ವಸ್ತು ಹೊಳೆಯುವಂತೆ ನೋಡುವುದಕ್ಕೆ) ಕಪ್ಪು ರಟ್ಟಿನ ಬಿಲ್ಲೆ ಕತ್ತರಿಸಿ ಕಂಡೆನ್ಸರ್ ಕೆಳಗಿನ ಫಿಲ್ಟರ್ ತಟ್ಟೆಯ ನಡುವೆ ಇಟ್ಟು, ಡಯಾಫ್ರಾಮ್ ಪೂರ್ತಿ ತೆರೆದರಾಯಿತು. ಹಿನ್ನೆಲೆ ಬೂದಾಗಿದ್ದರೆ ಬಿಲ್ಲೆ ಚಿಕ್ಕದಾಗಿದೆ ಅಥವಾ ನಡುವಿನಿಂದ ಸರಿದಿದೆ. 10 ಪಟ್ಟಿಗೆ ಇದು ಚೆನ್ನ. 100 ಪಟ್ಟಿನ ಎಣ್ಣೆ ಮಸೂರಕ್ಕೆ ಆಗದು.

ಪಾರದರ್ಶಕ ವಸ್ತುವಿನ ವ್ಯತ್ಯಾಸಗಳನ್ನು ಬೆಳಕು-ನೆರಳಾಗಿ ತೋರಿಸುವ ಫೇಸ್ ಕಾಂಟ್ರಾಸ್ಟ್ ಬೇಕಾಗುವುದು ಬಣ್ಣ ಹಾಕದ ಜೀವಂತ ಕೋಶಗಳಿಗೆ. ಅದರ ಕಂಡೆನ್ಸರಿನಲ್ಲಿರುವ ಉಂಗುರ ಆಬ್ಜೆಕ್ಟಿವ್‌ನೊಳಗಿನ ಉಂಗುರಕ್ಕೆ ಹೊಂದಲೇಬೇಕು, ಆದ್ದರಿಂದ ಬಿಡಿಬಿಡಿಯಾಗಿ ಕೊಳ್ಳಬೇಡಿ. ಹಾಗೆಯೇ 160 (ಮಿ.ಮೀ.ಗಳಲ್ಲಿ ಕೊಳವೆಯ ಉದ್ದ) ಎಂದು ಕೆತ್ತಿದ ಆಬ್ಜೆಕ್ಟಿವನ್ನು ಅನಂತದ ಗುರುತು (∞) ಇರುವ ಉಪಕರಣಕ್ಕೆ ಹಾಕಬೇಡಿ. ತಿರುಪು ಹೊಂದುತ್ತದೆ, ಚಿತ್ರ ಕೆಡುತ್ತದೆ.