ಇಂಗ್ಲೆಂಡಿನಲ್ಲಿ ಒಂಟಿಯಾಗಿ ಬಾಳುವ ಹಿರಿಯರಿಗೆ ಟೆಲಿಕೇರ್: ಕೌನ್ಸಿಲ್ ವ್ಯವಸ್ಥೆಯನ್ನು ಬಳಸಿಕೊಳ್ಳುವ ಬಗೆ

1960 ಮತ್ತು 70ರ ದಶಕಗಳಲ್ಲಿ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಆಸ್ಪತ್ರೆಗಳಿಗೆ ವೈದ್ಯರಾಗಿ ಬಂದ ಕನ್ನಡಿಗರಲ್ಲಿ ಅನೇಕರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಮಕ್ಕಳು ಬೇರೆ ಊರುಗಳಲ್ಲಿದ್ದಾರೆ, ಕೆಲವರ ಸಂಗಾತಿ ತೀರಿಕೊಂಡಿದ್ದಾರೆ. ಆದರೂ ದಶಕಗಳ ಕಾಲ ಬಾಳಿದ ಮನೆಯನ್ನು ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲ. ಈ ಆಸೆ ನ್ಯಾಯವಾದದ್ದು, ಇಲ್ಲಿನ ಕಾನೂನು ಅದಕ್ಕೆ ಆಸರೆಯನ್ನೂ ಕೊಡುತ್ತದೆ. ಆದರೆ ಮಕ್ಕಳು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಟೆಲಿಕೇರ್, ಅಂದರೆ ದೂರದಿಂದಲೇ ನಿಗಾ ಇಟ್ಟು ನೆರವು ಕರೆಯುವ ವ್ಯವಸ್ಥೆ, ಬೇಕೆಂದು ಅಂತರ್ಜಾಲದಲ್ಲಿ ಒಂದು ಅಲಾರಂ ಕೊಂಡು ಅಮ್ಮನ ಕೊರಳಿಗೆ ಹಾಕುವುದು. ನನ್ನ ಅಭಿಪ್ರಾಯದಲ್ಲಿ ಅದು ಕೊನೆಯಲ್ಲಿ ಆಗಬೇಕಾದ ಕೆಲಸ. ಅಲಾರಂ ಕೂಗಿದಾಗ ಯಾರು ಉತ್ತರಿಸುತ್ತಾರೆ, ಯಾರು ಬಂದು ಬಾಗಿಲು ತೆರೆಯುತ್ತಾರೆ ಎಂಬುದು ತೀರ್ಮಾನವಾಗದೆ ಯಾವ ಉಪಕರಣವೂ ಉಪಯೋಗಕ್ಕೆ ಬರುವುದಿಲ್ಲ.

ಮೊದಲು ತಿಳಿಯಬೇಕಾದದ್ದು, ಮನೆಯಲ್ಲಿ ಸಿಗುವ ಆರೈಕೆ ಎನ್‌ಎಚ್‌ಎಸ್‌ನ ಹೊಣೆಯಲ್ಲ, ಊರಿನ ಸ್ಥಳೀಯ ಆಡಳಿತವಾದ ಕೌನ್ಸಿಲ್‌ನ ಹೊಣೆ ಎಂಬುದು. ಜಿಪಿಯನ್ನು, ಅಂದರೆ ಸ್ಥಳೀಯ ಕುಟುಂಬ ವೈದ್ಯರನ್ನು, ಕಾಣುವುದು ಉಚಿತವಾದ್ದರಿಂದ ಆರೈಕೆಯೂ ಉಚಿತವಿರಬೇಕೆಂದು ನಮ್ಮವರಲ್ಲಿ ಹಲವರು ತಿಳಿದಿರುತ್ತಾರೆ. ಅದು ಹಾಗಲ್ಲ, ಆದಾಯ ಮತ್ತು ಉಳಿತಾಯ ನೋಡಿ ಶುಲ್ಕ ನಿಗದಿಯಾಗುತ್ತದೆ. ಇಲ್ಲಿ ಹೇಳುತ್ತಿರುವುದು ಇಂಗ್ಲೆಂಡಿನ ಮಾತು. ಸ್ಕಾಟ್ಲೆಂಡಿನಲ್ಲಿ ಸ್ನಾನ, ಉಡುಗೆ, ಊಟದಂತಹ ವೈಯಕ್ತಿಕ ಆರೈಕೆ ಹಿರಿಯರಿಗೆ 2002ರಿಂದ ಉಚಿತವಾಗಿದೆ. ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ನಿಯಮಗಳು ಬೇರೆ.

2014ರ ಕೇರ್ ಆ್ಯಕ್ಟ್ ಪ್ರಕಾರ, ಆರೈಕೆಯ ಅಗತ್ಯವಿರಬಹುದು ಎಂದು ತೋರುವ ಯಾವ ವಯಸ್ಕರಿಗಾದರೂ ಕೌನ್ಸಿಲ್ ಅಗತ್ಯಗಳ ಮೌಲ್ಯಮಾಪನ ಮಾಡಲೇಬೇಕು. ಅವರ ಬಳಿ ಎಷ್ಟು ಹಣವಿದೆ ಎಂಬುದು ಈ ಹಂತದಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ‘ಉಳಿತಾಯ ಹೆಚ್ಚಿದೆ, ನೀವೇ ನೋಡಿಕೊಳ್ಳಿ’ ಎಂದು ಫೋನಿನಲ್ಲೇ ಯಾರಾದರೂ ಹೇಳಿದರೆ ಅದು ಕಾನೂನಿಗೆ ಹೊಂದುವ ಉತ್ತರವಲ್ಲ. ಕೌನ್ಸಿಲ್‌ನ ವಯಸ್ಕರ ಆರೈಕೆ ವಿಭಾಗಕ್ಕೆ ಫೋನು ಮಾಡಿ ಅಥವಾ ಅದರ ಜಾಲತಾಣದ ಅರ್ಜಿ ತುಂಬಿ ಮನವಿ ಸಲ್ಲಿಸಬಹುದು. ಅಡುಗೆ ಮತ್ತು ಊಟ, ಸ್ನಾನ, ಶೌಚ, ಉಡುಗೆ, ಮನೆಯಲ್ಲಿ ಸುರಕ್ಷಿತವಾಗಿ ಓಡಾಡುವುದು, ಬಂಧುಮಿತ್ರರ ಒಡನಾಟ ಹೀಗೆ 10 ವಿಷಯಗಳನ್ನು ಅವರು ಪರಿಶೀಲಿಸುತ್ತಾರೆ. ದೈಹಿಕ ಅಥವಾ ಮಾನಸಿಕ ಅಸ್ವಸ್ಥತೆಯಿಂದಾಗಿ ಅವುಗಳಲ್ಲಿ ಎರಡನ್ನಾದರೂ ನಿಭಾಯಿಸಲಾಗದೆ, ಅದರಿಂದ ಬದುಕಿನ ನೆಮ್ಮದಿಗೆ ಗಣನೀಯ ಧಕ್ಕೆಯಾಗುತ್ತಿದ್ದರೆ ಅರ್ಹತೆ ದೊರೆಯುತ್ತದೆ. ಕಷ್ಟಪಟ್ಟು, ನೋವಿನಿಂದ, ಅಥವಾ ವಿಪರೀತ ಹೊತ್ತು ತೆಗೆದುಕೊಂಡು ಮಾಡುವ ಕೆಲಸವನ್ನು ‘ಮಾಡಲಾಗುವುದಿಲ್ಲ’ ಎಂದೇ ಪರಿಗಣಿಸಬೇಕೆಂದು ನಿಯಮವಿದೆ.

ಮೌಲ್ಯಮಾಪನದಲ್ಲಿ ನಮ್ಮ ಹಿರಿಯರು ಎಡವುವುದು ಇಲ್ಲಿಯೇ. ಮನೆಗೆ ಬಂದವರ ಮುಂದೆ ಕಷ್ಟ ಹೇಳಿಕೊಳ್ಳಬಾರದು ಎಂಬ ಸಂಸ್ಕಾರದಲ್ಲಿ ಬೆಳೆದವರು ಸೋಷಿಯಲ್ ವರ್ಕರ್‌ಗೆ ಕಾಫಿ ಕೊಟ್ಟು, ‘ಎಲ್ಲ ಚೆನ್ನಾಗಿದೆ’ ಎಂದು ಕಳುಹಿಸಿಬಿಡುತ್ತಾರೆ. ಜೀವಮಾನವೆಲ್ಲ ವೈದ್ಯರಾಗಿದ್ದವರಿಗಂತೂ ತಾವೇ ಆರೈಕೆ ಬೇಡುವ ಜಾಗದಲ್ಲಿ ಕೂರುವುದು ಬಹಳ ಕಷ್ಟ. ಆದ್ದರಿಂದ ಹಿಂದಿನ ಒಂದೆರಡು ವಾರಗಳಲ್ಲಿ ಬಿದ್ದದ್ದು, ಒಲೆ ಆರಿಸಲು ಮರೆತದ್ದು, ಮೆಟ್ಟಿಲು ಹತ್ತಲಾಗದೆ ಕೆಳಗೇ ಮಲಗಿದ್ದು ಇವನ್ನೆಲ್ಲ ಬರೆದಿಟ್ಟುಕೊಂಡು, ಆ ಹೊತ್ತಿಗೆ ಮನೆಯವರೊಬ್ಬರು ಜೊತೆಗಿರಬೇಕು. ಇಂಗ್ಲಿಷಿನಲ್ಲಿ ಹೇಳಿಕೊಳ್ಳಲು ತೊಡಕಾಗುವ ತಾಯಂದಿರಿಗೆ ಕನ್ನಡ ದುಭಾಷಿ ಬೇಕೆಂದು ಕೌನ್ಸಿಲ್‌ಗೆ ಮೊದಲೇ ತಿಳಿಸಬೇಕು. ಮಗನ ಮುಂದೆ ಶೌಚದ ತೊಂದರೆ ಹೇಳಲು ತಾಯಿ ಹಿಂಜರಿಯಬಹುದಾದ್ದರಿಂದ ದುಭಾಷಿಯ ಕೆಲಸವನ್ನು ಮಕ್ಕಳೇ ಮಾಡುವುದು ಒಳ್ಳೆಯದಲ್ಲ. ಹಿರಿಯರನ್ನು ನೋಡಿಕೊಳ್ಳುವ ಸಂಗಾತಿಗೆ ಅಥವಾ ಮಗಳಿಗೆ ಪ್ರತ್ಯೇಕ ಮೌಲ್ಯಮಾಪನ ಪಡೆಯುವ ಹಕ್ಕೂ ಇದೇ ಕಾಯ್ದೆಯಲ್ಲಿದೆ.

ಇನ್ನು ಉಪಕರಣಗಳ ವಿಷಯ. ಬ್ರಿಟನ್ನಿನಲ್ಲಿ ಸುಮಾರು 20 ಲಕ್ಷ ಜನ ಟೆಲಿಕೇರ್ ಬಳಸುತ್ತಾರೆ. ಅದರ ಮೂಲರೂಪ ಸರಳ: ಕೊರಳಲ್ಲಿ ಅಥವಾ ಮಣಿಕಟ್ಟಿನಲ್ಲಿ ಒಂದು ಗುಂಡಿ, ಮನೆಯಲ್ಲಿ ಮೈಕ್ ಮತ್ತು ಸ್ಪೀಕರ್ ಇರುವ ಒಂದು ಪೆಟ್ಟಿಗೆ, ಇಪ್ಪತ್ತನಾಲ್ಕು ಗಂಟೆಯೂ ತೆರೆದಿರುವ ಒಂದು ನಿಗಾ ಕೇಂದ್ರ. ಗುಂಡಿ ಒತ್ತಿದರೆ ಕೇಂದ್ರದ ಸಿಬ್ಬಂದಿ ಪೆಟ್ಟಿಗೆಯ ಮೂಲಕ ಮಾತನಾಡಿಸಿ, ಅಗತ್ಯವೆನಿಸಿದರೆ ನೀವು ಹೆಸರು ಕೊಟ್ಟವರಿಗೆ ಅಥವಾ ಆಂಬುಲೆನ್ಸ್‌ಗೆ ಕರೆ ಮಾಡುತ್ತಾರೆ. ಇದಕ್ಕೆ ಬೀಳುವಿಕೆಯನ್ನು ತಾನೇ ಗುರುತಿಸುವ ಸಾಧನ, ರಾತ್ರಿ ಹಾಸಿಗೆ ಬಿಟ್ಟು ಎದ್ದವರು ಮರಳದಿದ್ದರೆ ತಿಳಿಸುವ ಸೆನ್ಸರ್, ಬಾಗಿಲಿನ ಸೆನ್ಸರ್, ಹೊತ್ತಿಗೆ ಸರಿಯಾಗಿ ತೆರೆದುಕೊಳ್ಳುವ ಮಾತ್ರೆ ಡಬ್ಬಿ, ಹೊರಗೆ ಹೋದಾಗ ಇರುವ ಜಾಗ ತೋರಿಸುವ ಜಿಪಿಎಸ್ ಇತ್ಯಾದಿಗಳನ್ನು ಸೇರಿಸಬಹುದು. ಅಡುಗೆಮನೆಗೆ ಹೊಗೆಯ ಅಲಾರಂ ಬದಲು ಶಾಖದ ಅಲಾರಂ ಕೇಳಿ. ದಿನವೂ ಒಗ್ಗರಣೆಗೆ ಕೂಗುವ ಅಲಾರಂನ ಬ್ಯಾಟರಿಯನ್ನು ಯಾರಾದರೂ ಒಂದು ದಿನ ಕಿತ್ತಿಡುತ್ತಾರೆ.

ಗುಂಡಿ ಇದ್ದರೂ ಒತ್ತದಿರುವುದು ನಿಜವಾದ ತೊಂದರೆ. ಕೇಂಬ್ರಿಜ್‌ನಲ್ಲಿ 90 ವರ್ಷ ದಾಟಿದವರನ್ನು ಕುರಿತು ನಡೆದು, 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿದ್ದು ಏಳಲಾಗದೆ ಉಳಿದವರಲ್ಲಿ ಅಲಾರಂ ಇದ್ದವರ ಪೈಕಿ ಶೇ 80ರಷ್ಟು ಮಂದಿ ಅದನ್ನು ಬಳಸಿರಲೇ ಇಲ್ಲ. ಕೆಲವರು ಧರಿಸಿರುವುದಿಲ್ಲ, ಕೆಲವರಿಗೆ ಇತರರಿಗೆ ತೊಂದರೆ ಕೊಡಬಾರದೆಂಬ ಸಂಕೋಚ. ನಮ್ಮ ಮನೆಗಳಲ್ಲಿ ಸ್ನಾನಕ್ಕೆ ಮೊದಲು ಅದನ್ನು ತೆಗೆದಿಟ್ಟು, ಮಡಿಯಲ್ಲಿ ಪೂಜೆ ಮುಗಿಯುವವರೆಗೆ ಮತ್ತೆ ಮುಟ್ಟದಿರುವುದೂ ಉಂಟು. ಆದರೆ ಬಚ್ಚಲುಮನೆಯಲ್ಲೇ ಬೀಳುವ ಭಯ ಹೆಚ್ಚು. ಬಹುತೇಕ ಗುಂಡಿಗಳು ನೀರಿಗೆ ಕೆಡುವುದಿಲ್ಲ ಎಂಬುದನ್ನು ತಾಳ್ಮೆಯಿಂದ ವಿವರಿಸಿ, ಎಲ್ಲರೂ ಜೊತೆಗಿರುವಾಗ ಅವರ ಕೈಯಿಂದಲೇ ಒತ್ತಿಸಿ, ಆ ಕಡೆಯ ಧ್ವನಿಯನ್ನು ಕೇಳಿಸಬೇಕು. ತಿಂಗಳಿಗೊಮ್ಮೆ ಹೀಗೆ ಪರೀಕ್ಷಿಸಿದರೆ ಸಂಕೋಚವೂ ಕರಗುತ್ತದೆ, ಯಂತ್ರವೂ ಸರಿಯಿದೆಯೆಂದು ತಿಳಿಯುತ್ತದೆ.

ಬೀಗದ ಕೈಯ ವ್ಯವಸ್ಥೆ ಅಷ್ಟೇ ಮುಖ್ಯ. ಬಾಗಿಲ ಪಕ್ಕದ ಗೋಡೆಗೆ ಕೂರಿಸುವ, ಸಂಖ್ಯೆ ಒತ್ತಿ ತೆರೆಯುವ ಕೀ ಸೇಫ್ ಹಾಕಿಸಿ ಆ ಸಂಖ್ಯೆಯನ್ನು ನಿಗಾ ಕೇಂದ್ರಕ್ಕೆ ಕೊಡಬೇಕು. ಹೆಸರು ಕೊಟ್ಟವರು ಹತ್ತಿರದಲ್ಲಿದ್ದು ರಾತ್ರಿ ಎರಡು ಗಂಟೆಗೂ ಬರಬಲ್ಲವರಾಗಿರಬೇಕು. ನೂರು ಮೈಲಿ ದೂರದ ಮಗನಿಗಿಂತ ಎದುರುಮನೆಯವರು ಇಲ್ಲಿ ಹೆಚ್ಚು ಉಪಯುಕ್ತರು. ಅಂಥವರು ಯಾರೂ ಇಲ್ಲದಿದ್ದರೆ, ತಮ್ಮದೇ ಸಿಬ್ಬಂದಿಯನ್ನು ಮನೆಗೆ ಕಳುಹಿಸುವ ಸೇವೆಯನ್ನೇ ಆರಿಸಿಕೊಳ್ಳಬೇಕು. ಮರೆವಿನ ಕಾಯಿಲೆ ಇರುವವರು ಗಾಬರಿಯಲ್ಲಿ ತಾಯ್ನುಡಿಗೆ ಮರಳುವುದು ಸಹಜವಾದ್ದರಿಂದ, ‘ಇವರು ಕನ್ನಡದಲ್ಲಿ ಉತ್ತರಿಸಬಹುದು, ಹಾಗಾದರೆ ಮೊದಲು ಈ ಸಂಖ್ಯೆಗೆ ಕರೆ ಮಾಡಿ’ ಎಂಬ ಟಿಪ್ಪಣಿಯನ್ನು ಕೇಂದ್ರದ ದಾಖಲೆಯಲ್ಲಿ ಬರೆಸಿಡಿ.

ಈಗ ತುರ್ತಾಗಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಹಳೆಯ ತಂತಿ ಟೆಲಿಫೋನ್ ಜಾಲವನ್ನು ನಿಲ್ಲಿಸುವ ಕೆಲಸಕ್ಕೆ 2027ರ ಜನವರಿಯ ಅಂತ್ಯವನ್ನು ಗಡುವಾಗಿ ಇಡಲಾಗಿದೆ. ಆ ಜಾಲಕ್ಕಾಗಿಯೇ ಮಾಡಿದ ಅಲಾರಂ ಪೆಟ್ಟಿಗೆಗಳು ಬ್ರಾಡ್‌ಬ್ಯಾಂಡ್ ಮೂಲಕ ಸಾಗುವ ಹೊಸ ಫೋನಿನಲ್ಲಿ ಕೆಲಸ ಮಾಡದೆ ಹೋಗಬಹುದು. ವಿದ್ಯುತ್ ಹೋದರೆ ಆ ಫೋನೂ ನಿಲ್ಲುತ್ತದೆ. ಇಂಥ ಕೆಲವು ಗಂಭೀರ ಪ್ರಕರಣಗಳು ನಡೆದ ಮೇಲೆ 2023ರ ಡಿಸೆಂಬರಿನಲ್ಲಿ ಫೋನ್ ಕಂಪನಿಗಳು ಸರ್ಕಾರದೊಡನೆ ಒಂದು ಒಪ್ಪಂದಕ್ಕೆ ಸಹಿ ಹಾಕಿ, ಟೆಲಿಕೇರ್ ಬಳಸುವವರನ್ನು ಸುರಕ್ಷತೆ ಖಚಿತಪಡಿಸಿಕೊಳ್ಳದೆ ಹೊಸ ಜಾಲಕ್ಕೆ ಬದಲಾಯಿಸುವುದಿಲ್ಲವೆಂದು ಮಾತುಕೊಟ್ಟವು. ಆದರೆ ಮನೆಯಲ್ಲಿ ಅಲಾರಂ ಇದೆಯೆಂದು ಕಂಪನಿಗೆ ಗೊತ್ತಿದ್ದರೆ ತಾನೇ ಈ ಮಾತು ನಡೆಯುವುದು? ಫೋನ್ ಕಂಪನಿಗೆ ಮತ್ತು ಅಲಾರಂ ಸಂಸ್ಥೆಗೆ, ಎರಡೂ ಕಡೆ, ಇಂದೇ ತಿಳಿಸಿ. ಹೊಸದಾಗಿ ಕೊಳ್ಳುವವರು ಸಿಮ್ ಮೂಲಕ ನಡೆಯುವ, ಒಳಗೆ ಬ್ಯಾಟರಿ ಇರುವ ಡಿಜಿಟಲ್ ಪೆಟ್ಟಿಗೆಯನ್ನೇ ಕೇಳಬೇಕು.

ಖರ್ಚಿನ ಲೆಕ್ಕ ಹೀಗಿದೆ. ಉಳಿತಾಯ 23,250 ಪೌಂಡ್ ಮೀರಿದ್ದರೆ ಆರೈಕೆಯ ಪೂರ್ಣ ವೆಚ್ಚ ನಿಮ್ಮದೇ. 14,250ಕ್ಕಿಂತ ಕಡಿಮೆಯಿದ್ದರೆ ಉಳಿತಾಯ ಲೆಕ್ಕಕ್ಕಿಲ್ಲ, ಆದಾಯವನ್ನಷ್ಟೇ ನೋಡುತ್ತಾರೆ. ಮನೆಯಲ್ಲೇ ಆರೈಕೆ ಪಡೆಯುವಾಗ ವಾಸದ ಮನೆಯ ಬೆಲೆಯನ್ನು ಸೇರಿಸುವುದಿಲ್ಲ ಎಂಬುದು ಬಹಳ ಜನರಿಗೆ ತಿಳಿದಿಲ್ಲ, ಮನೆ ಕೈತಪ್ಪೀತೆಂಬ ಭಯದಲ್ಲಿ ಮೌಲ್ಯಮಾಪನಕ್ಕೇ ಹೋಗದವರಿದ್ದಾರೆ. ಅಗತ್ಯವೆಂದು ಒಪ್ಪಿದ ಸಣ್ಣ ಸಲಕರಣೆಗಳು, ಹಿಡಿಕಂಬಿಯಂತಹ 1,000 ಪೌಂಡ್ ಒಳಗಿನ ಸಣ್ಣ ಮಾರ್ಪಾಡುಗಳು ಉಚಿತ. ಆಸ್ಪತ್ರೆಯಿಂದ ಮರಳಿದ ಮೇಲೆ ಚೇತರಿಕೆಗಾಗಿ ಮನೆಗೆ ಬಂದು ನೀಡುವ ನೆರವು ಗರಿಷ್ಠ 6 ವಾರಗಳವರೆಗೆ ಉಚಿತ. ಬಿಡುಗಡೆಯ ದಿನವೇ ವಾರ್ಡಿನಲ್ಲಿ ಅದನ್ನು ಕೇಳಿ. ಅಲಾರಂ ಸೇವೆಗೆ ಸಾಮಾನ್ಯವಾಗಿ ವಾರಕ್ಕೆ ಕೆಲವು ಪೌಂಡ್ ಆಗುತ್ತದೆ, ದೀರ್ಘಕಾಲದ ಕಾಯಿಲೆ ಅಥವಾ ಅಂಗವೈಕಲ್ಯ ಇರುವವರಿಗೆ ವ್ಯಾಟ್ ವಿನಾಯಿತಿಯಿದೆ. ಅಟೆಂಡೆನ್ಸ್ ಅಲೊವೆನ್ಸ್ ಎಂಬ ಭತ್ಯೆಗೆ ಆದಾಯದ ಮಿತಿಯೇ ಇಲ್ಲ; 2025-26ರಲ್ಲಿ ಅದು ವಾರಕ್ಕೆ 73.90 ಅಥವಾ 110.40 ಪೌಂಡ್. ಪಿಂಚಣಿ ವಯಸ್ಸು ದಾಟಿ, 6 ತಿಂಗಳಿಂದ ನೆರವಿನ ಅಗತ್ಯವಿದ್ದರೆ ಸಾಕು, ನೆರವು ಕೊಡುವವರು ಮನೆಯಲ್ಲಿ ಇಲ್ಲದಿದ್ದರೂ ಅರ್ಜಿ ಹಾಕಬಹುದು.

ಭಾರತದಿಂದ ಬಂದ ತಂದೆತಾಯಿಯರ ವಿಷಯದಲ್ಲಿ ಎಚ್ಚರ ಬೇಕು. ಅವಲಂಬಿತ ಬಂಧುಗಳ ವೀಸಾದಲ್ಲಿ ಮಕ್ಕಳು 5 ವರ್ಷ ಅವರನ್ನು ಸರ್ಕಾರಿ ನಿಧಿಯ ನೆರವಿಲ್ಲದೆ ನೋಡಿಕೊಳ್ಳುವ ಹೊಣೆ ಹೊರಬೇಕಾಗುತ್ತದೆ; ಅಟೆಂಡೆನ್ಸ್ ಅಲೊವೆನ್ಸ್ ಆ ನಿಧಿಗಳ ಪಟ್ಟಿಯಲ್ಲಿದೆ. ವಲಸೆ ಕಾನೂನಿನ ಸಲಹೆಗಾರರನ್ನು ಕಾಣದೆ ಅಂಥ ಯಾವ ಅರ್ಜಿಯನ್ನೂ ಹಾಕಬೇಡಿ. ಸ್ವಂತ ಖರ್ಚಿನಲ್ಲಿ ಅಲಾರಂ ಬಾಡಿಗೆಗೆ ಪಡೆಯಲು ಅಡ್ಡಿಯಿಲ್ಲ.

ಕ್ಯಾಮೆರಾ ಮತ್ತು ಸೆನ್ಸರ್‌ಗಳನ್ನು ಹಿರಿಯರ ಒಪ್ಪಿಗೆಯಿಲ್ಲದೆ ಇಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. 2005ರ ಮೆಂಟಲ್ ಕೆಪ್ಯಾಸಿಟಿ ಆ್ಯಕ್ಟ್ ಪ್ರಕಾರ, ಇಲ್ಲವೆಂದು ಸಾಬೀತಾಗುವವರೆಗೆ ಪ್ರತಿಯೊಬ್ಬರಿಗೂ ತೀರ್ಮಾನ ಕೈಗೊಳ್ಳುವ ಸಾಮರ್ಥ್ಯವಿದೆಯೆಂದೇ ಭಾವಿಸಬೇಕು. ಅದು ಇಲ್ಲದಾಗಲೂ ಅವರ ಸ್ವಾತಂತ್ರ್ಯಕ್ಕೆ ಅತಿ ಕಡಿಮೆ ಅಡ್ಡಿಯಾಗುವ ದಾರಿಯನ್ನು ಆರಿಸಬೇಕು. ನೆನಪು ಗಟ್ಟಿಯಿರುವಾಗಲೇ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ (ಮುಂದೆ ಸಾಮರ್ಥ್ಯ ಕಳೆದುಕೊಂಡರೆ ತಮ್ಮ ಪರವಾಗಿ ತೀರ್ಮಾನಿಸುವವರನ್ನು ನೇಮಿಸುವ ಪತ್ರ) ಮಾಡಿಸಿ ನೋಂದಾಯಿಸಬೇಕು. ಹಣಕಾಸಿಗೆ ಒಂದು, ಆರೋಗ್ಯ ಮತ್ತು ಆರೈಕೆಗೆ ಇನ್ನೊಂದು, ಎರಡೂ ಬೇಕು.

ಸೆನ್ಸರ್ ಹಾಕಿಸಿದ ಮಾತ್ರಕ್ಕೆ ಮನೆಗೆ ಬರುವವರನ್ನು ಕಡಿಮೆ ಮಾಡಬಹುದೆಂಬ ಸಲಹೆ ಬಂದರೆ ಒಪ್ಪಬೇಡಿ. ನ್ಯೂಹ್ಯಾಮ್, ಕೆಂಟ್ ಮತ್ತು ಕಾರ್ನ್‌ವಾಲ್‌ಗಳಲ್ಲಿ ಸರ್ಕಾರವೇ ನಡೆಸಿದ ದೊಡ್ಡ ಪ್ರಯೋಗದಲ್ಲಿ, ಟೆಲಿಕೇರ್ ಪಡೆದವರು 12 ತಿಂಗಳಲ್ಲಿ ಆಸ್ಪತ್ರೆ ಮತ್ತು ಆರೈಕೆ ಸೇವೆಗಳನ್ನು ಬಳಸುವುದು ಗಣನೀಯವಾಗಿ ಕಡಿಮೆಯಾಗಲಿಲ್ಲ. ಸ್ಥಿತಿ ಬದಲಾದಾಗ ಆರೈಕೆ ಯೋಜನೆಯ ಮರುಪರಿಶೀಲನೆಯನ್ನು ಬರಹದಲ್ಲಿ ಕೇಳಿ. ಕೌನ್ಸಿಲ್‌ನ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಮೊದಲು ಅಲ್ಲಿಯೇ ದೂರು ಕೊಟ್ಟು, ನಂತರ ಲೋಕಲ್ ಗವರ್ನಮೆಂಟ್ ಅಂಡ್ ಸೋಷಿಯಲ್ ಕೇರ್ ಓಂಬುಡ್ಸ್‌ಮನ್ ಎಂಬ ಸ್ವತಂತ್ರ ದೂರು ವಿಚಾರಣಾಧಿಕಾರಿಯ ಬಳಿಗೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ.