ರೇಟ್ಸ್ ಏರಿಕೆಗೆ ನಾನು ಹಾಕಿದ ಆಕ್ಷೇಪಣೆ

ನಾನಿರುವ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕೌನ್ಸಿಲ್‌ಗಳು, ಅಂದರೆ ಸ್ಥಳೀಯ ಆಡಳಿತ ಸಂಸ್ಥೆಗಳು, ಮನಸ್ಸಿಗೆ ಬಂದಷ್ಟು ರೇಟ್ಸ್ (ಆಸ್ತಿ ತೆರಿಗೆ) ಏರಿಸುವಂತಿಲ್ಲ. ಐಪಾರ್ಟ್ ಎಂಬ ಸ್ವತಂತ್ರ ಮಂಡಳಿ ವರ್ಷಕ್ಕೊಮ್ಮೆ ಮಿತಿ ಗೊತ್ತು ಮಾಡುತ್ತದೆ. ಅದಕ್ಕೆ ರೇಟ್ ಪೆಗ್ ಅಂತಾರೆ. ಅದನ್ನು ದಾಟಬೇಕಾದರೆ ಸ್ಪೆಷಲ್ ವೇರಿಯೇಷನ್ ಎಂಬ ವಿಶೇಷ ಅನುಮತಿಗೆ ಐಪಾರ್ಟ್‌ಗೆ ಅರ್ಜಿ ಹಾಕಬೇಕು. ನಮ್ಮ ಕೌನ್ಸಿಲ್ ಹಾಕಿತು.

ನಾನು ಮೊದಲು ಮಾಡಿದ್ದು ಶುದ್ಧ ದಡ್ಡತನ. ‘ನನ್ನ ಜಾಗದ ಬೆಲೆ ಜಾಸ್ತಿ ಹಾಕಿದ್ದೀರಿ’ ಎಂದು ಉರಿದುಕೊಂಡು ಎರಡು ಪುಟ ಬರೆದೆ. ಪಕ್ಕದ ಮನೆಯ ರಾಯರು, ನಿವೃತ್ತ ಅಕೌಂಟೆಂಟ್, ಓದಿ ನಕ್ಕರು. “ಜಾಗದ ಬೆಲೆ ಯಾರ ಪಾಲು ಎಷ್ಟು ಅಂತ ಹಂಚೋದಕ್ಕೆ ಮಾತ್ರ ಸ್ವಾಮಿ. ಒಟ್ಟು ವಸೂಲಿಗೂ ಅದಕ್ಕೂ ಸಂಬಂಧ ಇಲ್ಲ. ಲೆಕ್ಕಪತ್ರ ತನ್ನಿ.”

ಆಡಿಟ್ ಆದ ಲೆಕ್ಕಪತ್ರ ಕೌನ್ಸಿಲ್ ವೆಬ್‌ಸೈಟ್‌ನಲ್ಲೇ ಇತ್ತು. ರಾಯರು ಪೆನ್ಸಿಲ್ ಹಿಡಿದು ಅದರಲ್ಲಿ ನಗದಿನ ಬಗೆಗಿನ ಒಂದೇ ಟಿಪ್ಪಣಿಯ ಮೇಲೆ ಕೂತರು. ಮೇಲಿನ ಸಾಲಿನಲ್ಲಿ ನಗದು ಧಾರಾಳ. ಕೆಳಗೆ ಬಂದರೆ ಬಿಲ್ಡರ್‌ಗಳು ಕಟ್ಟಿದ ವಂತಿಗೆ, ಕಸ ವಿಲೇವಾರಿಯ ಹಣ, ಎಲ್ಲವೂ ಕಾನೂನಿನ ಪ್ರಕಾರ ಬೇರೆಯದಕ್ಕೆ ಮುಟ್ಟಬಾರದ ದುಡ್ಡು. ಅದನ್ನು ಕಳೆದರೆ ಉಳಿದದ್ದು ಚಿಲ್ಲರೆ. ಐದು ವರ್ಷದ ಪತ್ರಗಳನ್ನು ಸಾಲಾಗಿ ಹರಡಿದಾಗ ಆ ಚಿಲ್ಲರೆ ವರ್ಷ ವರ್ಷ ಕರಗಿದ್ದು ಕಂಡಿತು. ಅದೇ ವರ್ಷಗಳಲ್ಲಿ ಕನ್ಸಲ್ಟೆಂಟ್ ಖರ್ಚು ಉಬ್ಬಿತ್ತು. ನಮ್ಮ ರಾಜ್ಯದ್ದೇ ಆದ ಸೆಂಟ್ರಲ್ ಕೋಸ್ಟ್ ಕೌನ್ಸಿಲ್ 2020ರಲ್ಲಿ ಹಣಕಾಸಿನಲ್ಲಿ ಮುಗ್ಗರಿಸಿದ್ದು ಇಂಥ ಮುಟ್ಟಬಾರದ ಹಣಕ್ಕೆ ಕೈ ಹಾಕಿಯೇ. ಆಮೇಲೆ ಅಲ್ಲಿನವರ ಮೇಲೆ ಬಿದ್ದದ್ದು 15% ಏರಿಕೆ.

ಕೋಪದ ಪತ್ರ ಹರಿದು ಹಾಕಿದೆ. ಐಪಾರ್ಟ್ ಅರ್ಜಿಯನ್ನು ಅಳೆಯುವ ಮಾನದಂಡಗಳಲ್ಲಿ ಕೌನ್ಸಿಲ್ ತನ್ನ ಖರ್ಚು ಎಷ್ಟು ಬಿಗಿ ಮಾಡಿದೆ ಎಂಬುದೂ ಒಂದು. ನನ್ನ ಆಕ್ಷೇಪಣೆ ಪೂರ್ತಿ ಅದರ ಮೇಲೇ ನಿಲ್ಲಿಸಿದೆ: ಐದು ವರ್ಷದ ಅಂಕಿಗಳ ಒಂದು ಕೋಷ್ಟಕ, ‘ಉಳಿತಾಯ ಆಗಿದೆ’ ಎಂದು ಅರ್ಜಿಯಲ್ಲಿ ಹೇಳಿದ್ದಕ್ಕೆ ಲೆಕ್ಕ ಎಲ್ಲಿ ಎಂಬ ಪ್ರಶ್ನೆ. ಅಷ್ಟೇ, ಒಂದೂವರೆ ಪುಟ.

ಕೌನ್ಸಿಲ್ ಸಭೆಯಲ್ಲೂ ಮೂರು ನಿಮಿಷ ಮಾತಾಡಿದೆ. ಗಂಟಲು ಒಣಗಿತ್ತು, ಯಾರೂ ತಲೆ ಎತ್ತಲಿಲ್ಲ. ಆ ಸಂಜೆ ದಂಡ ಎಂದೇ ಈಗಲೂ ನನ್ನ ಲೆಕ್ಕ. ತೂಕ ಇರುವುದು ಐಪಾರ್ಟ್‌ಗೆ ಬರೆದು ಕೊಟ್ಟದ್ದಕ್ಕೆ.

ಕೌನ್ಸಿಲ್ ಕೇಳಿದ್ದು ಶಾಶ್ವತ ಏರಿಕೆ. ಸಿಕ್ಕಿದ್ದು ಕೆಲವು ವರ್ಷದ ಮಟ್ಟಿಗೆ. ಬಿಲ್ ಅಂತೂ ಏರಿತು, ಕಟ್ಟುತ್ತಿದ್ದೇನೆ. ಮೂರು ತಿಂಗಳಿಗೊಮ್ಮೆ ಬಜೆಟ್ ಪರಿಶೀಲನೆ ಹೊರಬಿದ್ದ ದಿನ ರಾಯರು ಪೆನ್ಸಿಲ್ ಹಿಡಿದು ನಮ್ಮ ಮನೆಗೆ ಕಾಫಿಗೆ ಬರುತ್ತಾರೆ.